ಗೆಳತಿಯ ಊರಿಗೆ ಹೋದ ಹನಿಮೂನು

ಹನಿಮೂನು ಎಂಬ ಮಾತನ್ನು ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ‘ಆ ಕಡೆ ಹೋಗಿ ಬರೋದು’ ಎನ್ನುತ್ತಿದ್ದೆವು. ಆ ಕಡೆ ಅಂದರೆ ಸಮುದ್ರದ ಕಡೆ. ರಾಯಚೂರಿನ ಬಿಸಿಲಲ್ಲಿ ಹುಟ್ಟಿ ಬಿಸಿಲಲ್ಲೇ ಮದುವೆಯಾದವರಿಗೆ ಸಮುದ್ರ ಅಂದರೆ ಸಾಕು, ಮೈಯೆಲ್ಲ ತಂಪಾಗುತ್ತಿತ್ತು. ಅದರ ಮೇಲೆ ಹನಿಮೂನು ಅಂತ ಬೇರೆ ಹೆಸರಿಟ್ಟು ಯಾಕೆ ನಾಚಿಕೊಳ್ಳಬೇಕು ಎಂದುಕೊಂಡೆವು. ನನ್ನನ್ನು ಕೇಳಿದರೆ ಆ ಸುಡುಗಾಡು ನಾಚಿಕೆಯೇ ನಮ್ಮ ಆಸೆಗೆ ಕಲ್ಲು ಹಾಕಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದೇವದುರ್ಗದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಮ್ಮವರು ರಾಯಚೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಎರಡೂ ಕಡೆ ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದ ಮನೆಗಳೇ. ನಮ್ಮಪ್ಪ ಪೋತ್ನಾಳದಲ್ಲಿ ಅಕ್ಕಿ ಗಿರಣಿಯ ಹಮಾಲಿ, ಮಾವ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಹೊರುವ ಹಮಾಲಿ. ಮದುವೆ ಮಾನ್ವಿಯಲ್ಲಿ, ಒಂದು ಶಾಲೆಯ ಅಂಗಳದಲ್ಲಿ, ಬುದ್ಧನ ಫೋಟೊ ಮುಂದೆ ನಡೆದು ಮಧ್ಯಾಹ್ನದ ಊಟಕ್ಕೆಲ್ಲ ಮುಗಿದುಹೋಗಿತ್ತು. ವಾರ ಕಳೆಯುವುದರೊಳಗೆ ನಾನು ಟ್ರಂಕು ಹಿಡಿದು ದೇವದುರ್ಗದ ಬಸ್ಸು ಹತ್ತಿದೆ. ಅಲ್ಲಿಂದಾಚೆ ನಮ್ಮ ಸಂಸಾರವೆಂದರೆ ಶನಿವಾರ ಸಂಜೆಯಿಂದ ಸೋಮವಾರ ನಸುಕಿನವರೆಗೆ.

ಅದಾದರೂ ಎಂಥ ಸಂಸಾರ! ರಾಯಚೂರಿನ ಮನೆಗೆ ಇದ್ದದ್ದು ಎರಡೇ ಖೋಲಿ. ಒಳಖೋಲಿಯಲ್ಲಿ ಅತ್ತೆ, ಇಬ್ಬರು ನಾದಿನಿಯರು, ನಾನು. ಹೊರಗಿನದರಲ್ಲಿ ಮಾವ, ಮೈದುನ, ನಮ್ಮವರು. ದೊಡ್ಡವರ ಮುಂದೆ ಗಂಡಹೆಂಡತಿ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ, ಹೆಸರು ಕರೆಯುವ ಮಾತಂತೂ ಇಲ್ಲವೇ ಇಲ್ಲ. ಚಹಾ ಬೇಕಾದರೆ ನಮ್ಮವರು ತಂಗಿಯನ್ನು ಕರೆದು, ಚಹಾ ಇಟ್ಟಾಳೇನು ಕೇಳು ಅನ್ನುತ್ತಿದ್ದರು. ನಾನು ಆ ತಂಗಿಯ ಮಗ್ಗುಲಲ್ಲೇ ಕೂತಿರುತ್ತಿದ್ದೆ. ಇಟ್ಟೀನಿ ಅಂತ ಹೇಳು ಎಂದು ನಾನು ಅವಳ ಕಿವಿಗೆ ಹೇಳುತ್ತಿದ್ದೆ. ಆ ಹುಡುಗಿ ಕಿಸಕ್ಕನೆ ನಗುತ್ತಿದ್ದಳು, ನನಗೆ ಮೈ ಉರಿಯುತ್ತಿತ್ತು. ಎಲ್ಲರೂ ಯಾವುದಾದರೂ ಮದುವೆಗೋ ಮಣ್ಣಿಗೋ ಹೋದ ದಿನ ಮನೆ ನಮ್ಮಿಬ್ಬರದಾಗುತ್ತಿತ್ತು. ಆಗಲೂ ಅವರಿಗೆ ಮಾತು ಬರುತ್ತಿರಲಿಲ್ಲ. ಯಾರಾದರೂ ಬಂದಾರು ಎಂಬ ಗಾಬರಿಯಲ್ಲಿ ಎಲ್ಲವೂ ಮುಗಿದು, ಅವರು ಎದ್ದು ಬಾಗಿಲು ತೆರೆದು ಹೊರಗೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು.

ಮದುವೆಯಾಗಿ ವರ್ಷವಾಗುತ್ತ ಬಂದರೂ ಈ ಮನುಷ್ಯ ಎಂಥವರು ಎಂದು ನನಗೆ ಗೊತ್ತಿರಲಿಲ್ಲ. ಸಿಟ್ಟಿನವರೋ, ಕನಿಕರದವರೋ, ನಾನೆಂದರೆ ಅವರಿಗೆ ಇಷ್ಟವೋ, ಮನೆಯವರು ತಂದದ್ದಕ್ಕೆ ಇಟ್ಟುಕೊಂಡಿದ್ದಾರೋ, ಒಂದೂ ತಿಳಿಯದು. ಉಳಿದ ಆಯುಷ್ಯವೆಲ್ಲ ಹೀಗೇ ಕಳೆದುಹೋದೀತು ಎಂಬ ಹೆದರಿಕೆ ನನಗೆ ಹತ್ತಿಕೊಂಡಿತ್ತು. ಯಾರೂ ಇಲ್ಲದ ಕಡೆ ನಾಲ್ಕು ದಿನ ಈ ಮನುಷ್ಯನ ಜೊತೆ ಇರಬೇಕು, ಕೂತು ಮಾತಾಡಬೇಕು, ಜಗಳವಾದರೂ ಆಡಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಶನಿವಾರ ಸಂಜೆ ರಾಯಚೂರು ಬಸ್‌ಸ್ಟ್ಯಾಂಡಿಗೆ ನನ್ನನ್ನು ಕರೆಯಲು ಅವರು ಬರುತ್ತಿದ್ದರು. ಅಲ್ಲಿಂದ ಮನೆಗೆ ನಡೆದು ಹೋಗುವ ದಾರಿಯಷ್ಟೇ ನಮ್ಮ ಪಾಲಿಗೆ ಸಿಕ್ಕ ಏಕಾಂತ. ಅದೂ ಎಂಥದ್ದು? ನನ್ನ ಚೀಲ ಹಿಡಿದು ಅವರು ಮುಂದೆ, ನಾಲ್ಕು ಹೆಜ್ಜೆ ಹಿಂದೆ ನಾನು. ಜೋಡಿಯಾಗಿ ನಡೆದರೆ ನೋಡಿದವರು ಏನಂದಾರು? ಕೋಟೆಯ ಗೋಡೆಯ ಮಗ್ಗುಲಲ್ಲಿ, ಆಮ್ ತಲಾಬಿನ ದಂಡೆಯಲ್ಲಿ, ಅವರು ಮುಂದಿನ ಗಾಳಿಗೆ ಮಾತಾಡುತ್ತಿದ್ದರು, ನಾನು ಹಿಂದಿನಿಂದ ಅವರ ಬೆನ್ನಿಗೆ ಮಾತಾಡುತ್ತಿದ್ದೆ. ಟಾಂಗಾ ಹಾದುಹೋದರೆ ಅರ್ಧ ಮಾತು ಅದರ ಗದ್ದಲಕ್ಕೇ ಹೋಗುತ್ತಿತ್ತು. ಹಾಗಿದ್ದೂ ಸಮುದ್ರಕ್ಕೆ ಹೋಗುವ ಯೋಚನೆ ಹುಟ್ಟಿದ್ದು ಆ ದಾರಿಯಲ್ಲಿಯೇ. ತಲಾಬಿನ ನೀರು ನೋಡುತ್ತ ನಾನು, ಇದಕ್ಕಿಂತ ದೊಡ್ಡ ನೀರು ನೋಡಬೇಕು ಅಂದೆ. ಬೆನ್ನು ಒಂದು ಗಳಿಗೆ ನಿಂತಿತು. ನೋಡೋಣಲ್ಲ ಅಂದಿತು.

ಆಮೇಲಿನ ಶನಿವಾರಗಳೆಲ್ಲ ಅದೇ ಮಾತು. ಅವರ ಕಚೇರಿಯಲ್ಲಿ ಕಾರವಾರದ ಕಡೆ ಸುತ್ತಿಬಂದವರೊಬ್ಬರಿದ್ದರು. ಲಾಡ್ಜುಗಳ ಬಾಡಿಗೆ ಕೇಳಿಕೊಂಡು ಬಂದ ನಮ್ಮವರ ನಡಿಗೆಯೇ ನಿಧಾನವಾಗಿತ್ತು. ನಾದಿನಿಯ ಮದುವೆ ಎದುರಿಗಿತ್ತು, ಲಾಡ್ಜಿನ ಮಾತು ಕೈಗೆಟುಕುವಂಥದ್ದಲ್ಲ. ಅಗ್ಗದ್ದು ಬೇಕಾದರೆ ಹಳ್ಳಿಗಳಲ್ಲಿ ಯಾರದಾದರೂ ಮನೆಯಲ್ಲಿ ಒಂದು ಖೋಲಿ ಸಿಗುತ್ತದಂತೆ, ಹಂಚಿನದೋ ತೆಂಗಿನ ಗರಿಯದೋ, ಊಟವೂ ಅವರೇ ಹಾಕುತ್ತಾರಂತೆ. ಆದರೆ ಮನೆಯೊಳಗೆ ಬಿಟ್ಟುಕೊಳ್ಳುವವರು ಮೊದಲು ಕೇಳುವುದು ನೀವು ಯಾವ ಜನ ಅಂತ. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಬೇಕಾಗಿರಲಿಲ್ಲ. ಸುಳ್ಳು ಹೇಳಿ ಮಲಗುವುದಾದರೆ ನನಗೆ ಆ ಸಮುದ್ರವೇ ಬೇಡ ಅಂದೆ. ಬೆನ್ನು ಹೂಂ ಅಂದಿತು.

ದಾರಿ ತೋರಿಸಿದವಳು ನನ್ನ ಖೋಲಿಯ ಗೆಳತಿ. ಅವಳೂ ನನ್ನ ಶಾಲೆಯ ಟೀಚರೇ, ಅಂಕೋಲಾದ ಕಡೆಯ ಮೀನುಗಾರರ ಮಗಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ನನ್ನ ಮದುವೆಗೆ ಮೊದಲೇ, ದೇವದುರ್ಗಕ್ಕೆ ಬಂದ ಹೊಸದರಲ್ಲಿ, ಇಬ್ಬರೂ ಕೂಡಿ ಖೋಲಿ ಹುಡುಕಿದ್ದೆವು. ಜನ ಯಾವುದು ಎಂದು ಕೇಳಿ ಬಾಗಿಲು ಹಾಕಿಕೊಂಡವರು ಹಾಕಿಕೊಂಡರು. ಕೊನೆಗೆ ಬಳೆ ಅಂಗಡಿಯ ಮುಸ್ಲಿಂ ಮುದುಕಿಯೊಬ್ಬಳು, ಅವಳನ್ನು ನಾವು ಖಾಲಾ ಎನ್ನುತ್ತಿದ್ದೆವು, ತನ್ನ ಮನೆಯ ಹಿಂದಿನ ಖೋಲಿ ಕೊಟ್ಟಳು. ಎರಡು ವರ್ಷ ನಾನೂ ಗೆಳತಿಯೂ ಒಂದೇ ಗಡಿಗೆಯ ನೀರು ಕುಡಿದೆವು. ನಾನು ಸಜ್ಜೆರೊಟ್ಟಿ ಬಡಿಯುವುದು ಕಲಿಸಿದೆ, ಅವಳು ಒಣಮೀನು ಹುರಿಯುವುದು ಕಲಿಸಿದಳು. ಬೇಸಿಗೆಯಲ್ಲಿ ಅಂಗಳಕ್ಕೆ ಚಾಪೆ ಹಾಸಿ ಬಿದ್ದುಕೊಂಡರೆ ಅವಳ ಬಾಯಲ್ಲಿ ಸಮುದ್ರ ಬಿಟ್ಟು ಬೇರೆ ಮಾತಿಲ್ಲ. ಮನೆಯ ಮುಂದೆಯೇ ಉಸುಕು, ಉಸುಕಿನ ಮೇಲೆ ತೆಂಗಿನ ಗರಿಯ ಒಂದು ಗುಡಿಸಲು, ಬಲೆ ಇಡುವುದಕ್ಕೆ ಕಟ್ಟಿದ್ದು. ಬೇಸಿಗೆಯಲ್ಲಿ ಅದರೊಳಗೆ ಮಲಗಿದರೆ ಅಲೆ ತಲೆಯ ಹತ್ತಿರವೇ ಬಂದು ಹೋದ ಹಾಗೆ ಕೇಳುತ್ತದೆ ಅನ್ನುತ್ತಿದ್ದಳು.

ಆ ಗುಡಿಸಲು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಶನಿವಾರ ಬೆನ್ನಿಗೆ ಹೇಳಿದೆ. ಬೆನ್ನು ತಿರುಗಿಯೇ ಬಿಟ್ಟಿತು! ಆ ದಾರಿಯಲ್ಲಿ ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಒಳಗೆ ಚಾಪೆ ಅದಾವೇನು, ಕಂದೀಲು ಇರ್ತದೇನು, ಮಳೆ ಬಂದರೆ ಸೋರ್ತದೇನು, ಒಂದಲ್ಲ ಎರಡಲ್ಲ. ಆಮೇಲೆ ಆ ಗುಡಿಸಲಿಗೆ ನಾವು ಏನೇನು ಹೊತ್ತೆವೋ ಲೆಕ್ಕವಿಲ್ಲ. ಹೊದೆಯಲು ಕೌದಿ ಒಯ್ಯಬೇಕು, ಸ್ಟವ್ ಬೇಡ, ಮೂರು ಕಲ್ಲಿನ ಒಲೆ ಸಾಕು, ಬೆಳಿಗ್ಗೆ ಚಹಾ ನಾನೇ ಮಾಡ್ತೀನಿ ಎಂದು ಅವರು ಅಂದಾಗ ನನಗೆ ನಡುರಸ್ತೆಯಲ್ಲಿ ನಗು ತಡೆಯಲಿಲ್ಲ. ಅಷ್ಟು ದಿನದ ಸಂಸಾರದಲ್ಲಿ ನಮ್ಮಿಬ್ಬರದೇ ಅಂತ ಇದ್ದದ್ದು ಆ ಗರಿಯ ಗುಡಿಸಲೊಂದೇ.

ಆದರೆ ಗೆಳತಿಗೆ ಹೇಳುವಾಗ ನನ್ನ ನಾಲಿಗೆ ಹಿಂದೆಗೆಯಿತು. ನಾವಿಬ್ಬರೇ ಇರಬೇಕು ಎಂದು ಮದುವೆಯಾಗದ ಹೆಣ್ಣುಮಗಳ ಮುಂದೆ ಯಾವ ಬಾಯಲ್ಲಿ ಹೇಳುವುದು? ನಮ್ಮವರಿಗೂ ಸಮುದ್ರ ನೋಡುವ ಆಸೆ, ನಿಮ್ಮೂರಿಗೆ ಬರುತ್ತೇವೆ ಎಂದೆ. ಅವಳು ಕುಣಿದಾಡಿದಳು. ನಮ್ಮವರೂ ಅತ್ತೆಗೆ ಅದನ್ನೇ ಹೇಳಿದರು. ಅತ್ತೆ ರೊಟ್ಟಿ ತಟ್ಟುವುದು ನಿಲ್ಲಿಸದೆ, ಗೆಳತಿ ಮನಿ ಅಂದರೆ ಚಲೋ ಆತು, ಮನೀ ಮಂದಿ ಇರ್ತಾರ, ಲಾಡ್ಜು ಗೀಡ್ಜು ಅಂದ್ರ ನಾ ಬಿಡ್ತಿರಲಿಲ್ಲ ಅಂದರು. ಮನೆಮಂದಿ ಇರುತ್ತಾರೆ ಎಂಬ ಆ ಮಾತು ಇಬ್ಬರ ಕಿವಿಗೂ ಬಿತ್ತು, ಇಬ್ಬರ ತಲೆಗೂ ಹೋಗಲಿಲ್ಲ. ನಾವು ಆಗಲೇ ಗುಡಿಸಲಿನಲ್ಲಿ ಕೂತಿದ್ದೆವು.

ಗೆಳತಿ ರಜೆಗೆಂದು ಮೊದಲೇ ಊರಿಗೆ ಹೋಗಿದ್ದಳು, ನಾವು ಮೇ ತಿಂಗಳಲ್ಲಿ ಹೊರಟೆವು. ರಾಯಚೂರಿನಿಂದ ಹುಬ್ಬಳ್ಳಿ ಬಸ್ಸು ಮಾನ್ವಿ ದಾಟಿ ಪೋತ್ನಾಳದ ಮೇಲೇ ಹೋಗುತ್ತಿತ್ತು. ನಮ್ಮವ್ವ ರಸ್ತೆಯ ಮೇಲೆ ಬಿಸಿಲಲ್ಲಿ ನಿಂತಿದ್ದಳು. ಕಿಟಕಿಯಿಂದ ಕಟಕರೊಟ್ಟಿಯ ಗಂಟು, ಶೇಂಗಾಹಿಂಡಿ ಚಟ್ನಿ ಕೊಟ್ಟು, ನೀರಿಗೆ ಇಳೀಬ್ಯಾಡ್ರಿ ಎಂದು ಬಸ್ಸು ಬಿಟ್ಟ ಮೇಲೂ ಕೂಗುತ್ತಿದ್ದಳು. ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಗುರುತಿನವರು ಸಿಂಧನೂರಿನ ತನಕ ಇರುತ್ತಾರೆ ಎಂದು ಅವರು ಮೊದಲೇ ಹೇಳಿಟ್ಟಿದ್ದರು, ಮಾತು ಆಮೇಲೆ. ಸಿಂಧನೂರು ದಾಟಿದ ಮೇಲೆ ಅವರಿಗೆ ನಿದ್ದೆ ಬಂತು. ನಾನು ಎಬ್ಬಿಸಲಿಲ್ಲ, ಮುಂದೆ ಬೇಕಾದಷ್ಟು ದಿನ ಇವೆಯಲ್ಲ ಎಂದುಕೊಂಡೆ.

ಘಟ್ಟ ಇಳಿದು ಗೆಳತಿಯ ಊರು ಮುಟ್ಟುವಾಗ ಸಂಜೆಯಾಗಿತ್ತು. ಅವಳು ಹೇಳಿದ್ದೆಲ್ಲ ನಿಜವೇ. ಮನೆ, ಉಸುಕು, ಗರಿಯ ಗುಡಿಸಲು, ಅದರಾಚೆ ಕಣ್ಣು ಹೋದಷ್ಟು ನೀರು. ನನಗೆ ಕಾಲೇ ಬರಲಿಲ್ಲ, ಬಾಯಿ ತೆರೆದುಕೊಂಡು ನಿಂತೆ. ಅವಳ ಅವ್ವ ಬಂದು ನನ್ನ ಗದ್ದ ಹಿಡಿದು, ಬಾ ಮಗಾ ಎಂದು ಒಳಗೆ ಕರೆದುಕೊಂಡು ಹೋದಳು. ಅಣ್ಣಂದಿರು ನಮ್ಮವರನ್ನು ಹೊರಗೆ ಕರೆದುಕೊಂಡು ಹೋದರು. ಊಟವಾಯಿತು. ಯಾರೂ ಏನೂ ಕೇಳಲಿಲ್ಲ, ಬಂಗಡೆಯ ದೊಡ್ಡ ತುಂಡುಗಳನ್ನು ಆರಿಸಿ ನಮ್ಮ ತಾಟಿಗೇ ಹಾಕಿದರು. ಆಮೇಲೆ ಗೆಳತಿಯ ಅವ್ವ, ಆ ಮುದುಕಿ, ಒಳಗಿನ ಕೋಣೆಯಲ್ಲಿ ತನ್ನ ಹಾಸಿಗೆಯ ಪಕ್ಕಕ್ಕೆ ನನಗೊಂದು ಹಾಸಿದಳು.

"ನೀ ನನ್ನ ಬಗಲಿಗೆ ಮಲ್ಕೊ ಮಗಾ. ಗಂಡಸ್ರು ಹೊರಗೆ ಬಲೆ ಗುಡಿಸಲಲ್ಲಿ ಮಲಗ್ತಾರೆ, ನಿನ್ನ ಗಂಡಗೂ ಅಲ್ಲೇ ಚಾಪೆ ಹಾಕಿದ್ದಾರೆ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಪ್ಪೇನು ಹೇಳಿ? ನಮ್ಮ ಮನೆಗೆ ನೆಂಟರು ಬಂದರೆ ನಾವು ಮಾಡುವುದೂ ಅದನ್ನೇ. ಬಂದ ಹೆಣ್ಣು ಒಳಗೆ, ಬಂದ ಗಂಡು ಹೊರಗೆ. ಮರ್ಯಾದಸ್ಥರ ಮನೆ ಅಂದರೆ ಹಾಗೇ. ರಾಯಚೂರಿನ ಎರಡು ಖೋಲಿ ಬಿಟ್ಟು ಓಡಿಬಂದು ಅಂಥದೇ ಎರಡು ಖೋಲಿಗೆ ಬಂದು ಬಿದ್ದಿದ್ದೆವು. ಲಾಡ್ಜಿನವನಾದರೆ ಕೀಲಿಕೈ ಕೊಟ್ಟು ಸುಮ್ಮನಾಗುತ್ತಿದ್ದ. ಇಲ್ಲಿ ಪ್ರೀತಿಯಿಂದ ಕರೆದವರು ಪ್ರೀತಿಯಿಂದಲೇ ಬೇರೆ ಮಾಡಿ ಮಲಗಿಸಿದರು. ನಮ್ಮವರು ಏನಾದರೂ ಅನ್ನಬಹುದು, ಗಂಡಸರು ತಾನೇ ಎಂದು ಕಾದೆ. ಹೊರಗಿನಿಂದ ಒಂದು ಕೆಮ್ಮು ಕೇಳಿತು, ಅಷ್ಟೇ.

ಮರುದಿನ ನಾನೇ ಧೈರ್ಯ ಮಾಡಿ, ಒಳಗೆ ಸೆಕೆ, ಹೊರಗೆ ಮಲಗುತ್ತೇನೆ ಅಂದೆ. ಅಯ್ಯೋ ಮೊದಲೇ ಹೇಳಬಾರದಾ ಎಂದು ಮುದುಕಿ ನನ್ನ ಹಾಸಿಗೆಯ ಜೊತೆ ತನ್ನದನ್ನೂ ಸುತ್ತಿಕೊಂಡು ಅಂಗಳಕ್ಕೆ ಬಂದಳು! ಗೆಳತಿಯೂ ಬಂದಳು. ಎಡಕ್ಕೆ ಮಗಳು, ಬಲಕ್ಕೆ ಅವ್ವ, ನಡುವೆ ನಾನು ಹಲ್ಲು ಕಡಿದುಕೊಂಡು ಬಿದ್ದಿದ್ದೆ. ಗುಡಿಸಲಿನ ಗರಿಯ ಸಂದಿಯಲ್ಲಿ ಕಂದೀಲಿನ ಬೆಳಕು ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಕೂಗಿ ಏನಂತ ಕರೆಯಲಿ? ಹೆಸರಿನಿಂದ ಕರೆದು ಗೊತ್ತಿಲ್ಲ.

ಹಗಲು ಹೊತ್ತು ನಾನು ಹೆಂಗಸರ ಜೊತೆ ಅಡಿಗೆಮನೆಯಲ್ಲಿ, ಇವರು ಗಂಡಸರ ಜೊತೆ ದೋಣಿಗಳ ಹತ್ತಿರ. ಸಂಜೆ ದಂಡೆಗೆ ಹೋದರೆ ಗೆಳತಿ, ಅವಳ ಅವ್ವ, ಅಣ್ಣಂದಿರು, ಅವರ ಮಕ್ಕಳು, ದೊಡ್ಡ ದಿಬ್ಬಣ. ಅಷ್ಟು ಉದ್ದದ ದಂಡೆಯಲ್ಲೂ ಇವರು ನಾಲ್ಕು ಹೆಜ್ಜೆ ಮುಂದೆಯೇ. ಉಸುಕಿನ ಮೇಲೆ ಮೂಡಿದ ಅವರ ಹೆಜ್ಜೆ ತುಳಿದುಕೊಂಡು ನಾನು ಹಿಂದೆ ಹಿಂದೆ ಹೋದೆ. ಎದುರಿಗೆ ಅಷ್ಟು ದೊಡ್ಡ ಸಮುದ್ರ, ಸುತ್ತಲೂ ನನ್ನನ್ನು ಕಣ್ಣಿನಲ್ಲಿಟ್ಟು ನೋಡಿಕೊಳ್ಳುವ ಜನ. ಜೀವನದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದಿರಲಿಲ್ಲ. ನನ್ನ ಸಲುವಾಗಿ ಈ ಮನುಷ್ಯ ಒಂದು ಮಾತು ಆಡಲಿಲ್ಲ ಅಂದ ಮೇಲೆ ಇವರಿಗೆ ನಾನು ಬೇಕಾಗಿಲ್ಲ, ಇನ್ನು ತಿಳಿಯುವುದೇನೂ ಉಳಿದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಪೋತ್ನಾಳ ಬಂದರೂ ತಿರುಗಲಿಲ್ಲ.

ರಾಯಚೂರಿಗೆ ಬಂದ ಮರುದಿನ ಸಂಜೆ ಓಣಿಯವರೆಲ್ಲ ಸಮುದ್ರದ ಸುದ್ದಿ ಕೇಳಲು ಬಂದರು. ಮನೆಯ ಮುಂದೆ ಹೊರಸು ಹಾಕಿ ಕೂತರು. ನಾನು ಒಳಗೆ, ಬಾಗಿಲಿಗೆ ಹತ್ತಿರದ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ನಮ್ಮವರು ಶುರು ಮಾಡಿದರು ನೋಡಿ, ಈ ಮನುಷ್ಯನಿಗೆ ಇಷ್ಟು ಮಾತು ಬರುತ್ತದೆ ಎಂದು ಅವತ್ತೇ ನನಗೆ ಗೊತ್ತಾಗಿದ್ದು. ಅಲೆಯ ಬಣ್ಣ ಹೊತ್ತಿಗೊಂದು ತರಹ ಬದಲಾಗುವುದು, ಬಲೆ ಎಳೆಯುವಾಗ ಗಂಡಸರು ಹಾಕುವ ಕೂಗು, ಉಸುಕಿನ ಮೇಲೆ ಅಡ್ಡಡ್ಡ ಓಡುವ ಏಡಿ. ಓಣಿಯೇ ಬಾಯಿ ಬಿಟ್ಟುಕೊಂಡು ಕೇಳಿತು. ಹೊರಗಿನ ಮಂದಿಗೆ ಇಷ್ಟು ಮಾತು, ನನಗೆ ಒಂದಿಲ್ಲ ಎಂದು ನಾನು ರೊಟ್ಟಿ ಇನ್ನೂ ಜೋರಾಗಿ ತಟ್ಟಿದೆ. ಆಗ ಅವರು ಅಂದರು:

"ಬೆಳಕು ಹರಿಯೋಕಿಂತ ಮೊದಲ ದೋಣಿ ಬರ್ತಾವ. ದೋಣಿ ಕಾಣಂಗಿಲ್ಲ, ಮೊದಲ ದನಿ ಕೇಳ್ತದ. ನಾವಿಬ್ರೂ ಮೊಣಕಾಲ ಮಟ ನೀರಾಗ ನಿಂತಿದ್ವಿ. ಕಾಲ ಕೆಳಗಿನ ಉಸುಕು ಜಾರ್ತದ, ಬಿದ್ದ ಬಿಡ್ತೀವಿ ಅನಸ್ತದ. ಇಕಿ ಹೆದರಿ ನನ್ನ ಕೈ ಗಟ್ಟಿ ಹಿಡಕೊಂಡ್ಳು."

ನಾದಿನಿಯರು ಬಾಯಿಗೆ ಸೆರಗು ಒತ್ತಿ ನಕ್ಕರು. ಮಾವ ಎದ್ದು ಬೇರೆ ಕಡೆ ಹೋದರು. ಅತ್ತೆ, ಸಾಕು ಬಿಡೋ, ಹಿರೇರ ಮುಂದ ಏನು ಮಾತದು ಎಂದು ಬೈದರೂ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ನಾಚಿಕೆ ಎಂದುಕೊಂಡಿರಬೇಕು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಸುಕಿನಲ್ಲಿ ಆ ದೋಣಿ ಬರುವಾಗ ನಾನು ಮುದುಕಿಯ ಬಗಲಲ್ಲಿ ಕಣ್ಣು ತೆರೆದುಕೊಂಡು ಬಿದ್ದಿದ್ದೆನಲ್ಲ! ನಾನು ಆ ನೀರಿನಲ್ಲಿ ನಿಂತೇ ಇರಲಿಲ್ಲ. ಈ ಮನುಷ್ಯ ಊರ ಮುಂದೆ ಸುಳ್ಳು ಯಾಕೆ ಹೇಳಿದರು? ಯಾರನ್ನು ಕೇಳಲಿ, ಮನೆ ತುಂಬ ಜನ.

ಶಾಲೆ ಶುರುವಾಗುವ ಹಿಂದಿನ ದಿನ ಅವರು ನನ್ನನ್ನು ಬಸ್ಸಿಗೆ ಬಿಡಲು ಬಂದರು. ಚೀಲ ಹಿಡಿದು ಮುಂದೆ ಹೊರಟರು. ತಲಾಬು ಬರುವ ತನಕ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ನಾ ಯಾವಾಗ ನಿಮ್ಮ ಕೈ ಹಿಡದಿದ್ದೆ?" ಎಂದು ಬೆನ್ನಿಗೆ ಕೇಳಿದೆ.

ಅವರು ನಿಲ್ಲಲಿಲ್ಲ, ತಿರುಗಲಿಲ್ಲ. ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ದಿನಾ ಹಿಡದಿ. ದಿನಾ ನಸಿಕಿನ್ಯಾಗ ನಾ ಒಬ್ಬನ ಹೋಗಿ ನಿಂತಿರತಿದ್ದೆ. ನೀ ಬಗಲಾಗ ಅದಿ ಅಂತ ತಿಳಕೊಂಡ ನಿಂತಿರತಿದ್ದೆ. ನೋಡಿದ್ದೆಲ್ಲಾ ನಿನಗ ತೋರಿಸಾಕತ್ತಿದ್ದೆ."

"ಕರೀಬೇಕಿಲ್ಲೇನ್ರಿ? ನಾ ಎಚ್ಚರ ಇದ್ದೆ."

"ಹ್ಯಾಂಗ ಕರೀಲಿ? ಎಲ್ಲಾರೂ ಇದ್ರಲ್ಲ."

ನನ್ನನ್ನು ಬಿಟ್ಟು ಹೋಗಿ ನನ್ನ ಜೊತೆಗೇ ಸಮುದ್ರ ನೋಡಿ ಬಂದ ಗಂಡಸು! ಸಿಟ್ಟು ಬಂತು, ಅಳು ಬಂತು, ಇಷ್ಟು ದಿನ ತಿಳಿಯದಿದ್ದದ್ದು ತಿಳಿದುಬಂತು. ಮುಂದೆ ಹೋಗಿ ಪಕ್ಕದಲ್ಲಿ ನಡೆಯಬೇಕು ಅನ್ನಿಸಿತು. ಎದುರಿನಿಂದ ಅವರ ಕಚೇರಿಯವರು ಯಾರೋ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನು ಹಿಂದೆಯೇ ಉಳಿದೆ. ಬಸ್ಸು ಬಂತು. ಕಿಟಕಿಯಿಂದ ಚೀಲ ಕೊಟ್ಟರು, ಏನೋ ಹೇಳಲು ಹೋದರು, ಹಿಂದಿನ ಸೀಟಿನಲ್ಲಿ ಗುರುತಿನ ಮುದುಕಿಯನ್ನು ಕಂಡು ಹಿಂದೆ ಸರಿದರು.

ದೇವದುರ್ಗದ ಖೋಲಿ ಬೀಗ ಹಾಕಿತ್ತು. ಗೆಳತಿಗೆ ರಜೆಯಲ್ಲೇ ಅವಳ ಜಿಲ್ಲೆಗೆ ವರ್ಗವಾಗಿದೆ ಎಂದು ಖಾಲಾ ಹೇಳಿದಳು, ಇನ್ನು ಬರುವವಳಲ್ಲ. ಅವಳ ಚಾಪೆ ಸುತ್ತಿ ಮೂಲೆಯಲ್ಲಿಟ್ಟಿತ್ತು. ನೆಲ ಗುಡಿಸಿದೆ, ನೀರು ತುಂಬಿದೆ, ಒಬ್ಬಳಿಗೆ ಎಷ್ಟು ಅನ್ನ ಇಡಬೇಕೋ ತಿಳಿಯದೆ ಇಬ್ಬರಿಗೆ ಆಗುವಷ್ಟು ಇಟ್ಟೆ. ಮುಂದಿನ ಶನಿವಾರಗಳೂ ಹೀಗೇ ಇರುತ್ತವೆ, ವರ್ಷಗಳೂ ಹೀಗೇ ಇರುತ್ತವೆ ಎಂದು ಅವತ್ತೇ ಗೊತ್ತಿತ್ತು, ಹಾಗೇ ಆಯಿತು ಕೂಡ. ನನಗೆ ರಾಯಚೂರಿಗೆ ವರ್ಗ ಸಿಗುವ ಹೊತ್ತಿಗೆ ಎಂಬತ್ತರ ದಶಕ ಅರ್ಧ ಮುಗಿದಿತ್ತು.

ಅವತ್ತು ಸಂಜೆ ಗಾಳಿ ಎದ್ದಿತು. ಬಾಗಿಲು ತೆರೆದು ನಿಂತೆ. ಊರಾಚೆಯ ಬಯಲಿನ ಮೇಲೆ ಕೆಂಪು ಧೂಳು, ಅದರ ಹಿಂದೆ ಕಪ್ಪು ಮೋಡ, ದಪ್ಪ ಹನಿಗಳು ಅಂಗಳದಲ್ಲಿ ಟಪಟಪ ಬೀಳತೊಡಗಿದವು. ವರ್ಷದ ಮೊದಲ ಮಳೆ. ನೆಲದ ವಾಸನೆ ಮುಖಕ್ಕೆ ಬಡಿಯಿತು. ನಾನು ಸ್ವಲ್ಪ ಬದಿಗೆ ಸರಿದು ಹೊಸ್ತಿಲಲ್ಲಿ ಇನ್ನೊಬ್ಬರು ನಿಲ್ಲುವಷ್ಟು ಜಾಗ ಮಾಡಿದೆ.

"ನೋಡ್ರಿ, ಮಳಿ ಬಂತು," ಎಂದೆ. "ಆ ಮೋಡ ನೋಡ್ರಿ, ಹ್ಯಾಂಗ ಬರಾಕತ್ತದ."

ಗೋಡೆಯಾಚೆ ಒಗೆದ ಬಟ್ಟೆ ತೆಗೆಯುತ್ತಿದ್ದ ಖಾಲಾಗೆ ಕೇಳಿಸಿತು.

"ಯಾರ ಜೋಡಿ ಮಾತಾಡಾಕತ್ತೀ ಟೀಚರಮ್ಮಾ? ನಿಮ್ಮವ್ರು ಬಂದಾರೇನು?"

"ಹೌದ್ರಿ ಖಾಲಾ, ಬಂದಾರ," ಎಂದೆ.